ಒಂದೇ ತುಂಡಿನ ಪರದೆ

ಬಟ್ಟೆಯ ಹಿಂದೆ ಅಂಗೈ ಅಗಲಿಸಿ ಹಿಡಿದು, ಅದನ್ನು ಅಂಗಡಿಯ ಟ್ಯೂಬ್‌ಲೈಟಿಗೆ ಎತ್ತಿ, ಅಮರಯ್ಯ ತನ್ನ ಬೆರಳುಗಳು ಕಾಣುತ್ತವೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಕಂಡವು. ಸ್ಪಷ್ಟವಾಗಿ ಅಲ್ಲದಿದ್ದರೂ ಇವು ಬೆರಳು ಎಂದು ಗೊತ್ತಾಗುವಷ್ಟು ಕಂಡವು. "ಇದೂ ಬ್ಯಾಡ" ಎಂದು ಬಟ್ಟೆಯನ್ನು ಮಡಚದೆ ಹಾಗೇ ಪಕ್ಕಕ್ಕೆ ಇಟ್ಟ. ಪಕ್ಕದಲ್ಲಿ ಆಗಲೇ ಬೇಡವಾದ ಬಟ್ಟೆಗಳ ಒಂದು ಗುಡ್ಡೆ ಬಿದ್ದಿತ್ತು.

ಅಂಗಡಿಯ ಹುಸೇನಪ್ಪನಿಗೆ ಬೇಸರವೇನೂ ಇರಲಿಲ್ಲ. ಮಾನ್ವಿಯ ಕಡೆಯವನು, ಕೋಠಿಯ ಈ ಗಲ್ಲಿಯಲ್ಲಿ ಪರದೆ, ರೆಕ್ಸಿನ್, ಮೇಜಿನ ಹಾಸು ಮಾರುತ್ತಲೇ ತಲೆ ನರೆಸಿಕೊಂಡವನು. ಮೊದಲು ಹಿಂದಿಯಲ್ಲಿ ಶುರು ಮಾಡಿದವನು ಅಮರಯ್ಯನ ಹಣೆಯ ವಿಭೂತಿ ನೋಡಿ, ಅವನ ಹೆಂಡತಿ ವನಜಾ ಗಂಡನಿಗೆ ಮೆಲ್ಲಗೆ ಏನೋ ಹೇಳಿದ್ದು ಕಿವಿಗೆ ಬಿದ್ದು, ಸಲೀಸಾಗಿ ಕನ್ನಡಕ್ಕೆ ಹೊರಳಿಕೊಂಡಿದ್ದ. ಗಿರಾಕಿ ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿ ವಿಮಾನದ ಉಪಕರಣ ತಪಾಸಣೆ ಮಾಡುವವನು ಎಂದು ತಿಳಿದ ಮೇಲಂತೂ ಅವನಿಗೆ ಮೋಜೇ ಅನ್ನಿಸಿತ್ತು.

"ಅಯ್ಯಾರ, ಇದು ಬಚ್ಚಲ ಪರದೆರಿ" ಎಂದ. "ಆಕಾಶದಾಗ ಹಾರೂದಿಲ್ಲ."

ವನಜಾ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ತಲೆಗೆ ಕಟ್ಟಿದ ಸ್ಕಾರ್ಫಿನ ಅಂಚಿನಿಂದ ಆಗಷ್ಟೇ ಚಿಗುರುತ್ತಿದ್ದ ಕೂದಲು ಇಣುಕುತ್ತಿತ್ತು. ಸೆರಗನ್ನು ಎಡಗಡೆ ಅಗತ್ಯಕ್ಕಿಂತ ಒಂದು ಸುತ್ತು ಹೆಚ್ಚೇ ಎಳೆದುಕೊಂಡು, ಹುಸೇನಪ್ಪ ಕೊಟ್ಟ ಸ್ಟೂಲಿನ ಮೇಲೆ ಕೂತಿದ್ದಳು. ಎದೆಯ ಆಪರೇಷನ್ನು, ಆಮೇಲಿನ ಔಷಧಿಗಳು ಎಲ್ಲ ಮುಗಿದ ಮೇಲೆ ಆಸ್ಪತ್ರೆ ಅಲ್ಲದ ಒಂದು ಕಡೆಗೆ ಅವಳು ಬಂದದ್ದು ಇದೇ ಮೊದಲು. ಆ ನಗು ಕಂಡು ಅಮರಯ್ಯನಿಗೆ, ಇನ್ನೂ ಹತ್ತು ಬಟ್ಟೆ ಬೇಡವೆಂದು ಇಲ್ಲೇ ಸಂಜೆ ಮಾಡಿಬಿಡೋಣವೇ ಅನ್ನಿಸಿತು.

ಪರದೆ ಬೇಕಾಗಿದ್ದುದು ನಿಜಾಂಪೇಟೆಯ ಹೊಸ ಫ್ಲ್ಯಾಟಿಗೆ. ಮಗಳು ಕೃಪಾ ಮಾದಾಪುರದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ, ಆ ವರ್ಷಗಳಲ್ಲಿ ಎಲ್ಲರೂ ಮಾಡುತ್ತಿದ್ದ ಹಾಗೆ ತಾನೂ ಬ್ಯಾಂಕಿನ ಸಾಲದಲ್ಲಿ ಫ್ಲ್ಯಾಟು ಕೊಂಡು, ಅಪ್ಪ ಅವ್ವನನ್ನು ಕಾರ್ಖಾನೆಯ ಕ್ವಾರ್ಟರ್ಸಿನಿಂದ ಅಲ್ಲಿಗೆ ಎತ್ತಿ ತಂದಿದ್ದಳು. ಅಲ್ಲಿ ಮಲಗುವ ಕೋಣೆಗೇ ಅಂಟಿದ ಬಚ್ಚಲು. ಬಚ್ಚಲಿನ ಮೂಲೆಯಲ್ಲಿ ಶವರಿಗೆಂದು ಒಂದು ಚಿಕ್ಕ ಜಾಗ. ಎರಡು ಕಡೆ ಗೋಡೆ, ಒಂದು ಕಡೆ ಗಾಜು, ಮುಂದೆ ಗೇಣೆತ್ತರದ ಕಟ್ಟೆ, ಮೇಲೊಂದು ಸ್ಟೀಲಿನ ಸರಳು. ಕೃಪಾ ಅದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳುತ್ತಿದ್ದಳು. ವನಜಾ ಅದನ್ನು ಗೂಡು ಎಂದು ಕರೆದಳು, ಆ ಹೆಸರೇ ಮನೆಯಲ್ಲಿ ನಿಂತಿತು.

ಔಷಧಿಯ ದಿನಗಳಲ್ಲಿ ಒಮ್ಮೆ ವನಜಾ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಿದ್ದಳು. ಇನ್ನು ಮೇಲೆ ಒಳಗಿನಿಂದ ಚಿಲಕ ಹಾಕಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾದರೆ ಗೂಡಿಗೆ ಪರದೆ ಹಾಕಿಸಿ ಎಂದು ವನಜಾ ಕೇಳಿದಳು. ಕೃಪಾ ಅದೇ ವಾರ ಪಂಜಾಗುಟ್ಟದ ಮಾಲಿನಿಂದ ಮೀನಿನ ಚಿತ್ರದ ಪರದೆ ತಂದಳು. ಮೀನುಗಳ ನಡುವೆ ಎಲ್ಲವೂ ಪಾರದರ್ಶಕ. ಎರಡನೆಯದು ಬಿಳಿ ಪ್ಲಾಸ್ಟಿಕ್ಕಿನದು. ನೀರು ಬಿದ್ದೊಡನೆ ಮೈಗೆ ಬಂದು ಅಂಟಿಕೊಳ್ಳುತ್ತಿತ್ತು, ಅದೂ ಎಡಗಡೆಗೇ. ಮೂರನೆಯದು ದಪ್ಪ ಇತ್ತು, ಎಲ್ಲ ಸರಿ ಇತ್ತು, ಆದರೆ ಹಸಿರು. ವನಜಾ ಅದನ್ನು ಕಂಡದ್ದೇ ಮುಖ ತಿರುಗಿಸಿದಳು. ಆಸ್ಪತ್ರೆಯ ವಾರ್ಡಿನಲ್ಲಿ ಮಂಚಗಳ ನಡುವೆ ಎಳೆಯುವ ಪರದೆ ಅದೇ ಬಣ್ಣದ್ದು. ಸ್ವಲ್ಪ ಸ್ಟೈಲಾಗಿರೋದು ಹುಡುಕೋಣ, ಅವ್ವ ಒಳಗೆ ಹೋದರೆ ಅವಳಿಗೇ ಖುಷಿಯಾಗಬೇಕು ಎಂದು ಕೃಪಾ ಹೇಳಿದಳು. ಮಾಲುಗಳು ಮುಗಿದ ಮೇಲೆ ಉಳಿದದ್ದು ಕೋಠಿ.

ಇದಿಷ್ಟು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಮರಯ್ಯನೊಬ್ಬನಿಗೇ ಗೊತ್ತಿದ್ದ ಸಂಗತಿ ಬೇರೆ ಇತ್ತು.

ಬಾಲಾನಗರದ ಕ್ವಾರ್ಟರ್ಸಿನಲ್ಲಿ ಇದ್ದಷ್ಟು ವರ್ಷವೂ ಭಾನುವಾರ ವನಜಾಳ ತಲೆಸ್ನಾನ. ಮಣೆಯ ಮೇಲೆ ಕೂತು, ತಲೆ ತೊಳೆದು ಮುಗಿದ ಮೇಲೆ, ತಂಬಿಗೆಯಿಂದ ಬಕೀಟಿಗೆ ಎರಡು ಸಲ ಬಡಿಯುತ್ತಿದ್ದಳು. ಬಾಯಿಬಿಟ್ಟು ಕರೆದವಳಲ್ಲ. ಅಮರಯ್ಯ ಪೇಪರು ಮಡಚಿಟ್ಟು, ಪಂಚೆ ಎತ್ತಿ ಕಟ್ಟಿ ಒಳಗೆ ಹೋಗಿ ಅವಳ ಬೆನ್ನು ತಿಕ್ಕಿ ಬರುತ್ತಿದ್ದ. ತಿಕ್ಕಲು ಒಂದು ಕಲ್ಲಿತ್ತು. ಮದುವೆಯಾದ ವರ್ಷ ಲಿಂಗಸುಗೂರಿನಿಂದ ಬರುವಾಗ ಕೃಷ್ಣಾ ನದಿಯಲ್ಲಿ ಆರಿಸಿ ತಂದ, ಅಂಗೈಯಲ್ಲಿ ಕೂರುವ ಕರೀ ಕಲ್ಲು. ಅಲ್ಲಿ ಹೆಚ್ಚು ಮಾತಿರುತ್ತಿರಲಿಲ್ಲ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಸಾಕು, ಇಷ್ಟೇ. ಆದರೆ ಅಮರಯ್ಯನಿಗೆ ಗಂಡನಾಗಿ ಬಾಳಿದ್ದೆಂದರೆ ಏನು ಎಂದು ಯಾರಾದರೂ ಕೇಳಿದ್ದರೆ, ಹೇಳಲು ನಾಚಿಕೊಂಡಾದರೂ ಅವನು ನೆನೆಯುತ್ತಿದ್ದದ್ದು ಆ ತಂಬಿಗೆಯ ಸದ್ದನ್ನೇ.

ಇನ್ನೂ ಕ್ವಾರ್ಟರ್ಸಿನಲ್ಲಿದ್ದಾಗ, ಆಪರೇಷನ್ನಿನ ಹೊಲಿಗೆ ಮಾಗಿ, ನೀರು ಹಾಕಿಕೊಳ್ಳಬಹುದು ಎಂದ ಮೊದಲ ಭಾನುವಾರ ಅವನು ಆ ಸದ್ದಿಗೆ ಕಾದ. ಎಷ್ಟು ಹೊತ್ತಾದರೂ ಬರಲಿಲ್ಲ. ಎಡಗೈ ಮೇಲೆ ಎತ್ತಲು ಬರುವುದಿಲ್ಲವಲ್ಲ, ತಂಬಿಗೆ ಎತ್ತಲೂ ಆಗುತ್ತಿಲ್ಲವೇನೋ ಎಂದು ಅವನೇ ಕಲ್ಲು ಹಿಡಿದುಕೊಂಡು ಒಳಗೆ ಹೋದ. ವನಜಾ ಬೆಚ್ಚಿ ಒದ್ದೆ ಸೀರೆಯನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. "ಹೊರಗ ಹೋಗ್ರಿ" ಅಂದಳು. ಸಿಟ್ಟಿನಿಂದ ಅಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬೇಡಿಕೊಂಡಿದ್ದಳು.

ಅವತ್ತಿನಿಂದ ಅವನು ಕರೆಯದೆ ಹೋಗಲಿಲ್ಲ, ಅವಳು ಕರೆಯಲೂ ಇಲ್ಲ. ಬೆನ್ನು ನಾನು ತಿಕ್ಕುತ್ತೇನೆ ಎಂದು ಕೃಪಾ ಹೇಳಿದರೆ ಅದಕ್ಕೂ ಬೇಡ ಅಂದಳು. ಅವಳು ಸ್ನಾನಕ್ಕೆ ಹೋದಾಗ ಅಮರಯ್ಯ ಹೊರಗೆ ಬಾಗಿಲಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಆಗಾಗ "ಏನ್ ಮಾಡಾಕತ್ತಿ?" ಎನ್ನುತ್ತಿದ್ದ. ಒಳಗಿನಿಂದ "ಅದೀನ್ರಿ" ಎಂದು ಉತ್ತರ ಬರುತ್ತಿತ್ತು. ಅಲ್ಲಿಗೆ ಅವನಿಗೆ ಒಂದು ವಿಷಯ ಮನದಟ್ಟಾಗಿತ್ತು. ಅವಳು ಯಾರ ಕಣ್ಣಿಗೂ ಬೀಳಬಾರದು ಎಂದುಕೊಂಡಿದ್ದಾಳೆ, ಮೊದಲು ನನ್ನ ಕಣ್ಣಿಗೆ. ಅದು ಅವಳಿಗೆ ಬೇಕಿದ್ದರೆ ಅದನ್ನೇ ಕೊಡೋಣ, ಬೆಳಕೂ ತೂರದಂಥ ಪರದೆ ತಂದುಕೊಡೋಣ. ಹೀಗೆ ನಿರ್ಧಾರ ಮಾಡಿ ಅವನು ಕೋಠಿಗೆ ಬಂದಿದ್ದ. ಅಷ್ಟು ಪ್ರೀತಿಯಿಂದ ಮನುಷ್ಯ ತಪ್ಪು ಮಾಡಬಲ್ಲ.

ಕೊನೆಗೆ ಹುಸೇನಪ್ಪ ಮೇಲಿನ ಅಟ್ಟದಿಂದ ಒಂದು ಸುರುಳಿ ಇಳಿಸಿದ. ಛತ್ರಿಯ ಬಟ್ಟೆಯ ಜಾತಿಯದು, ಆದರೆ ಮೆತ್ತಗೆ. ನವಿಲಿನ ಕೊರಳ ಬಣ್ಣ, ಮೇಲಿಂದ ಕೆಳಗಿನವರೆಗೆ ಬಳ್ಳಿ, ಬಳ್ಳಿಗೆ ಅಂಗೈಯಗಲದ ಬೆಳ್ಳಿಯ ಎಲೆಗಳು. ಮಾದಾಪುರದ ಒಂದು ದೊಡ್ಡ ಹೋಟೆಲಿನವರು ಆರ್ಡರು ಕೊಟ್ಟು, ಉಳಿದದ್ದು ಇಷ್ಟೇ ಎಂದ. ಅಮರಯ್ಯ ಅಂಗೈ ಅಗಲಿಸಿ ಬಟ್ಟೆಯ ಹಿಂದೆ ಹಿಡಿದು ಬೆಳಕಿಗೆ ಎತ್ತಿದ. ಬೆರಳು ಕಾಣಲಿಲ್ಲ. ಕೈ ಆಡಿಸಿದ. ನೆರಳೂ ಕಾಣಲಿಲ್ಲ. ಲೋಟದಿಂದ ನಾಲ್ಕು ಹನಿ ನೀರು ಚೆಲ್ಲಿ ತನ್ನ ಮೊಣಕೈಗೆ ಒತ್ತಿಕೊಂಡು ನೋಡಿದ; ಅಂಟಲಿಲ್ಲ.

ವನಜಾ ಎದ್ದು ಬಂದು ಬಟ್ಟೆಯ ಮೇಲೆ ಕೈಯಾಡಿಸಿದಳು. "ಭಾಳ ಚಂದ ಐತಿ" ಅಂದಳು. ಮದುವೆ ಸೀರೆ ಆರಿಸುವಾಗಿನ ಹಾಗೆ ಅಂಚು ಹಿಡಿದು ಹೆಗಲ ಮೇಲೆ ಇಟ್ಟು ನೋಡಿಕೊಂಡಳು. ಆಮೇಲೆ ಗಂಡನನ್ನು ನೋಡದೆ ಹುಸೇನಪ್ಪನನ್ನು ಕೇಳಿದಳು.

"ಇದನ್ನ ಎರಡು ತುಂಡು ಮಾಡಿ ಹೊಲಿಸಿ ಕೊಡ್ತೀರೇನ್ರಿ? ನಡಕ ಒಂದರ ಮ್ಯಾಲ ಒಂದು ಬರೂಹಂಗ?"

ಕೊಡೋಣ, ಅದಕ್ಕೇನು, ಬೇಕಾದಷ್ಟು ಜನ ಹಾಗೂ ಮಾಡಿಸುತ್ತಾರೆ ಎಂದು ಹುಸೇನಪ್ಪ ಟೇಪು ತೆಗೆದ. ಅಮರಯ್ಯ ಅವನ ಕೈ ತಡೆದ. ಇಪ್ಪತ್ತೆಂಟು ವರ್ಷ ಕಾರ್ಖಾನೆಯಲ್ಲಿ ಅವನು ಭೂತಗನ್ನಡಿ ಹಿಡಿದು ಹುಡುಕಿದ್ದು ಒಂದನ್ನೇ, ಜೋಡಣೆಯಲ್ಲಿ ಬಿಟ್ಟ ಸಂದಿಯನ್ನು. ಯಾವ ವಸ್ತು ಕೆಟ್ಟರೂ ಜೋಡಿಸಿದಲ್ಲಿಂದಲೇ ಕೆಡುತ್ತದೆ ಎಂಬುದು ಅವನ ಪಾಲಿಗೆ ಮಂತ್ರದ ಹಾಗೆ ಇತ್ತು.

"ಎರಡು ತುಂಡು ಬ್ಯಾಡ" ಎಂದ. "ಜೋಡು ಬಂದಲ್ಲೇ ಎಲ್ಲಾ ತಕರಾರು. ಒಂದೇ ತುಂಡು ಇರಲಿ."

"ಸ್ವಲ್ಪ ಸಂದಿ ಇದ್ರ ಏನಾಗತೈತ್ರಿ?"

"ಕಾಣತೈತಿ."

ವನಜಾ ಅವನ ಕಡೆ ತಿರುಗಿದಳು. "ಯಾರಿಗೆ?" ಅಂದಳು.

ಪರವೂರಿನ ಅಂಗಡಿಯಲ್ಲಿ, ತಮ್ಮ ಸೀಮೆಯವನೊಬ್ಬ ಟೇಪು ಹಿಡಿದು ನಿಂತಿರುವಾಗ, ನನಗೆ ಎಂದು ಹೇಗೆ ಹೇಳುವುದು? ಅಮರಯ್ಯ ಕತ್ತು ಬಗ್ಗಿಸಿ ಬಟ್ಟೆಯ ಅಂಚು ನೋಡುತ್ತ ನಿಂತ. ವನಜಾ ಕಾದಳು, ಆಮೇಲೆ ಸ್ಟೂಲಿಗೆ ಮರಳಿ, "ಆತು. ನೀವಂದಂಗ ಆಗಲಿ" ಎಂದಳು. ಅಮರಯ್ಯನಿಗೆ ಹಗುರವಾಯಿತು. ಅವಳ ಮನಸ್ಸಿನಲ್ಲಿದ್ದದ್ದನ್ನು ಅವಳು ಹೇಳದೆಯೇ ತಾನು ಅರ್ಥಮಾಡಿಕೊಂಡೆ ಎಂದು ಒಳಗೊಳಗೇ ಸಮಾಧಾನಪಟ್ಟ. ಮೇಲಂಚಿಗೆ ಉಂಗುರಗಳ ತೂತು ಹೊಡೆಸಿ, ಕೆಳಗೆ ಮಡಿಕೆ ಹೊಲಿಸಿ ಮುಗಿಯುವವರೆಗೆ ಇಬ್ಬರೂ ಎದುರಿನ ಹೋಟೆಲಿನ ಚಹಾ ಕುಡಿದರು. ಆಟೋದಲ್ಲಿ ವನಜಾ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು. ಅಮೀರಪೇಟೆ ದಾಟುವಷ್ಟರಲ್ಲಿ ಅವನ ಹೆಗಲಿಗೆ ಒರಗಿ ನಿದ್ದೆಹೋಗಿದ್ದಳು.

ಪರದೆ ಗೂಡಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಕೃಪಾ ಅದರ ಫೋಟೋ ಹೊಡೆದು ಆಫೀಸಿನ ಗೆಳತಿಯರಿಗೆಲ್ಲ ತೋರಿಸಿದಳಂತೆ. ಮನೆಗೆ ಬಂದವರನ್ನು ದೇವರ ಮನೆಗಿಂತ ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗುತ್ತಾಳೆ ಎಂದು ವನಜಾ ಮಗಳನ್ನು ಚೇಷ್ಟೆ ಮಾಡಿದಳು. ಅಮರಯ್ಯ ಮಾತ್ರ ಆ ಬಚ್ಚಲಿಗೆ ಕಾಲಿಡುವುದನ್ನೇ ಬಿಟ್ಟು ಹೊರಗಿನದರಲ್ಲಿ ಸ್ನಾನ ಮಾಡತೊಡಗಿದ. ಅದು ಅವಳ ಜಾಗ. ಅವಳು ಒಳಗಿದ್ದಾಗ ಮೊದಲಿನ ಹಾಗೆ ಹೊರಗೆ ಕುರ್ಚಿ ಹಾಕಿ ಕೂತು, "ಏನ್ ಮಾಡಾಕತ್ತಿ?" ಎನ್ನುತ್ತಿದ್ದ, ಅಷ್ಟೇ.

ದಸರೆ ಹತ್ತಿರ ಬಂದಾಗ, ಶವರಿನ ನೀರು ತಲೆಗೆ ಚುಚ್ಚಿದಂತಾಗುತ್ತದೆ, ಹಳೇ ಬಕೀಟು ತಂಬಿಗೆ ಮಣೆ ತಂದು ಗೂಡಿನೊಳಗೆ ಇಡಿ ಎಂದು ವನಜಾ ಹೇಳಿದಳು. ಕ್ವಾರ್ಟರ್ಸಿನಿಂದ ತಂದು ಬಾಲ್ಕನಿಯಲ್ಲಿ ಪೇರಿಸಿಟ್ಟಿದ್ದ ಸಾಮಾನಿನಿಂದ ಅವನ್ನೆಲ್ಲ ಹುಡುಕಿ, ತೊಳೆದು ಬಾಗಿಲ ಹತ್ತಿರ ಇಟ್ಟ. ಕಲ್ಲು ಎಲ್ಲಿ ಎಂದಳು. ಅದನ್ನೂ ತಂದುಕೊಟ್ಟ. ಅವಳು ಒಳಗೆ ಹೋದಾಗ ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತ. ಆದರೆ ಅವತ್ತೂ ತಂಬಿಗೆ ಸದ್ದು ಮಾಡಲಿಲ್ಲ, ಮಾರನೇ ದಿನವೂ ಇಲ್ಲ.

ಹಬ್ಬ ಕಳೆದು ಒಂದು ಸಂಜೆ, ರೊಟ್ಟಿ ತಿನ್ನುತ್ತಿದ್ದಾಗ, ಅವಳೇ ಮಾತು ತೆಗೆದಳು. "ದೀಪಾವಳಿಗೆ ಒಳ್ಳೆಣ್ಣಿ ತರ್ರಿ. ಎಣ್ಣಿನೀರಿನ ದಿನ ನಿಮಗೊಂದು ಕೆಲಸ ಐತಿ."

ಏನು ಕೆಲಸ ಎಂದು ಅವನು ಕೇಳಿದ. ಅವತ್ತು ಹೇಳುತ್ತೇನೆ ಎಂದು ಅವಳು ರೊಟ್ಟಿ ಮುರಿದಳು. ಪ್ರತಿವರ್ಷ ನಸುಕಿನಲ್ಲಿ ಅವಳು ಅವನ ನೆತ್ತಿಗೆ ಎಣ್ಣೆ ಒತ್ತಿ ನೀರು ಹಾಕುತ್ತಿದ್ದಳು. ಈ ಸಲ ಕೈ ಎತ್ತಲಾಗದ್ದರಿಂದ ನೀವೇ ಹಾಕಿಕೊಳ್ಳಿ ಅನ್ನುತ್ತಾಳೇನೋ ಎಂದುಕೊಂಡ. ಎಣ್ಣೆ ಮಾತ್ರ ಮರುದಿನವೇ ತಂದಿಟ್ಟ.

ಅದೇ ವಾರ ವನಜಾಳಿಗೆ ಬೆನ್ನಲ್ಲಿ ನೋವು ಶುರುವಾಯಿತು. ಹೊಸ ಹಾಸಿಗೆ ಒಗ್ಗಲಿಲ್ಲ ಎಂದು ನೆಲದ ಮೇಲೆ ಮಲಗಿದಳು. ಆಮೇಲೆ ಕೂರಲು, ಏಳಲು ಆಗದಾಯಿತು. ರೋಗ ಬೆನ್ನುಮೂಳೆಗೆ ಇಳಿದಿದೆ ಎಂದು ಡಾಕ್ಟರು ಕೃಪಾಳನ್ನು ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಅವಳ ಮುಖ ನೋಡಿದ ಅಮರಯ್ಯ ಯಾವ ಭಾಷೆಯಲ್ಲೂ ಏನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ನರ್ಸಮ್ಮ ಹಸಿರು ಪರದೆ ಎಳೆದು, ಒದ್ದೆ ಬಟ್ಟೆಯಿಂದ ಬೆನ್ನು ಒರೆಸಬೇಕು, ಹೊರಗಿರಿ ಎಂದು ಅವನನ್ನು ಕಳಿಸುತ್ತಿದ್ದಳು. ಅವನು ಹೊರಗೆ ನಿಂತು ಕಾಯುತ್ತಿದ್ದ. ದೀಪಾವಳಿಗೆ ಇನ್ನೆರಡು ದಿನ ಇರುವಾಗ ವನಜಾ ಹೋದಳು. ಮಣ್ಣು ಮಾಡಿ ಬಂದ ಸಂಜೆ ಅಪಾರ್ಟ್‌ಮೆಂಟಿನ ಮಕ್ಕಳು ಆಗಲೇ ಪಟಾಕಿ ಹೊಡೆಯುತ್ತಿದ್ದರು. ಯಾರೋ ಹಿರಿಯರು ಓಡಿಬಂದು ಅವರನ್ನು ಸುಮ್ಮನಾಗಿಸಿದರು. ಇರಲಿ ಬಿಡ್ರಿ, ಹೊಡೀಲಿ ಎಂದ ಅಮರಯ್ಯ.

ಊರಿನಿಂದ ಬಂದಿದ್ದ ಬಂಧುಗಳು ಗಣಾರಾಧನೆ ಮುಗಿಸಿ ಹೊರಟ ಮೇಲೆ ಮನೆ ದೊಡ್ಡದಾಯಿತು. ಕೃಪಾ ಒಂದು ರಜೆಯ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತು, ಆ ಪರದೆ ನೋಡಿದರೆ ಅವ್ವ ಒಳಗೇ ಇದ್ದಾಳೆ ಅನ್ನಿಸುತ್ತದೆ, ಆ ಬಚ್ಚಲಿಗೆ ಹೋಗಲು ಆಗುತ್ತಿಲ್ಲ, ಅದನ್ನು ತೆಗೆದುಬಿಡ್ರಿ ಎಂದಳು. ಅಮರಯ್ಯ ಸ್ಟೂಲು ತೆಗೆದುಕೊಂಡು ಒಳಗೆ ಹೋದ.

ಸರಳಿನಿಂದ ಒಂದೊಂದೇ ಉಂಗುರ ಬಿಚ್ಚುತ್ತ ಬಂದ. ಅರ್ಧ ಬಿಚ್ಚಿದಾಗ ಬಟ್ಟೆ ಜೋತು ಅವನ ಎದೆಗೆ ಬಂದು ಬಿತ್ತು. ಕೈ ತನ್ನ ಚಾಳಿ ಬಿಡಲಿಲ್ಲ. ಹರಿದಿದೆಯೇ, ಬೂಷ್ಟು ಹಿಡಿದಿದೆಯೇ ಎಂದು ಬೆರಳ ನಡುವೆ ಬಟ್ಟೆ ಓಡಿಸುತ್ತ ಹೋದ. ನಡುವಿಗೆ ಬಂದಾಗ ಏನೋ ಗಟ್ಟಿಯಾದದ್ದು ಬೆರಳಿಗೆ ತಾಗಿತು. ಮೆಣಸಿನ ಕಾಳಿನಷ್ಟು. ಸ್ವಲ್ಪ ಕೆಳಗೆ ಇನ್ನೊಂದು.

ಕನ್ನಡಕ ಹಾಕಿಕೊಂಡು ನೋಡಿದ. ಟಿಚ್ ಬಟನ್ನುಗಳು. ಬಳ್ಳಿಯ ಕಾಂಡ ಇದ್ದಲ್ಲಿ, ಕಾಂಡದ ಗೆರೆಗುಂಟ ಬಟ್ಟೆಯನ್ನು ಉದ್ದಕ್ಕೆ ಸೀಳಿ, ಎರಡೂ ಅಂಚಿಗೆ ನವಿಲು ಬಣ್ಣದ ದಾರದಿಂದ ಕಾಜಾ ಹಾಕುವ ಹಾಗೆ ಒತ್ತೊತ್ತಾಗಿ ಕೈಹೊಲಿಗೆ ಹಾಕಲಾಗಿತ್ತು. ಮೇಲೆ ಒಂದೆಡೆ ಹೊಲಿಗೆ ಓರೆಯಾಗಿತ್ತು. ಅಲ್ಲಿ ಎಡಗೈ ಸೋತಿರಬೇಕು. ಬಟನ್ನು ಹಾಕಿದರೆ ಬೆಳ್ಳಿ ಎಲೆ ಒಂದಕ್ಕೊಂದು ಕೂಡಿಕೊಂಡು ಸೀಳಿದ್ದೇ ತಿಳಿಯುತ್ತಿರಲಿಲ್ಲ. ಬಿಚ್ಚಿದರೆ ಒಂದು ಕೈ ಹೋಗುವಷ್ಟು ಜಾಗ. ನಿಂತವರಿಗೆ ಅದು ತೀರ ಕೆಳಗೆ. ಅಮರಯ್ಯ ಸ್ಟೂಲಿನಿಂದ ಇಳಿದು ನೋಡಿದ. ಒಳಗಿನ ಮಣೆಯ ಮೇಲೆ ಕೂತವರ ಬೆನ್ನಿಗೆ ಸರಿಯಾದ ಎತ್ತರ. ಕರೀ ಕಲ್ಲು ಪರದೆಯ ಒಳಗಿರಲಿಲ್ಲ. ಹೊರಗೆ, ಕಟ್ಟೆಯ ಈ ಪಕ್ಕದಲ್ಲಿ, ಹೊರಗೆ ಕೂತವರ ಕೈಗೆ ಸಿಗುವ ಹಾಗೆ ಇಟ್ಟಿತ್ತು.

"ಕೃಪಾ" ಎಂದು ಕರೆದ. ಅವಳು ಬಂದಳು. ಸೀಳನ್ನು ತೋರಿಸಿ, ಇದು ಯಾವಾಗಿನದು ಎಂದು ಕೇಳಿದ.

"ದಸರಿ ಹೊತ್ತಿನಾಗ್ರಿ. ನೀವು ಡ್ಯೂಟಿಗೆ ಹೋದಾಗ ಹೊಲಿತಿದ್ಲು" ಎಂದಳು ಕೃಪಾ. "ದಾರ ನಾನೇ ತಂದುಕೊಟ್ಟೆ. ಇಷ್ಟು ಚಂದದ್ದನ್ನ ಯಾಕ ಕತ್ತರಸ್ತೀ ಅಂತ ಬೈದೆ. ನಿಮ್ಮಪ್ಪಗ ಹೇಳಬ್ಯಾಡ, ಎಣ್ಣಿನೀರಿನ ದಿನ ಅವರಿಗೆ ಗೊತ್ತಾಗತೈತಿ ಅಂದ್ಲು."

ಅಮರಯ್ಯ ತಲೆಯಾಡಿಸಿದ. ಅವನು ಮತ್ತೆ ಸ್ಟೂಲು ಹತ್ತಿ, ಬಿಚ್ಚಿದ ಉಂಗುರಗಳನ್ನು ಒಂದೊಂದಾಗಿ ಸರಳಿಗೆ ಸಿಕ್ಕಿಸತೊಡಗಿದ. ಪರದೆ ತೆಗೆಯುವುದಿಲ್ಲವೇ ಎಂದು ಅವಳು ಕೇಳಿದಳು.

"ಇರಲಿ" ಎಂದ. "ನೀ ಹೋಗವಾ. ನಾ ಬರ್ತೀನಿ."

ಅವಳು ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಅಮರಯ್ಯ ಪರದೆಯ ನಿರಿಗೆ ಬಿಡಿಸಿ ಸರಿಯಾಗಿ ಇಳಿಬಿಟ್ಟ. ಪಂಚೆ ಎತ್ತಿ ಕಟ್ಟಿ ಕಟ್ಟೆಯ ಈಚೆ ನೆಲದ ಮೇಲೆ ಕೂತ. ಟಿಚ್ ಬಟನ್ನುಗಳನ್ನು ಒಂದೊಂದಾಗಿ ಬಿಚ್ಚಿ, ಕಲ್ಲನ್ನು ಅಂಗೈಯಲ್ಲಿ ಹಿಡಿದು ಕೈಯನ್ನು ಸೀಳಿನೊಳಗೆ ತೂರಿಸಿದ. ಹೊಲಿದ ಅಂಚು ಮೊಣಕೈ ದಾಟಿ ತೋಳಿಗೆ ಬಂದು ತಾಗಿತು. ಒಳಗೆ ಅವನ ಕೈ ಅವನಿಗೇ ಕಾಣುತ್ತಿರಲಿಲ್ಲ. ಒಣಗಿದ ಮಣೆಯ ಮೇಲೆ, ಬೆನ್ನಿರಬೇಕಾದ ಎತ್ತರಕ್ಕೆ ಕಲ್ಲನ್ನು ಹಿಡಿದುಕೊಂಡು ಅವನು ಹಾಗೇ ಕೂತ.